ಮಂಜೂರಾದ ಮಜಲು

"ವಾದ್ಯ ಇಳಸಬ್ಯಾಡ್ರಿ! ಟೆಂಪೋದಾಗ ಇರಲಿ, ಕೆಳಗ ಇಳಸಬ್ಯಾಡ್ರಿ!"

ಶಟ್ಟೆಪ್ಪ ಎರಡೂ ಕೈ ಅಗಲಿಸಿ ಟೆಂಪೋದ ಹಿಂಬಾಗಿಲಿಗೆ ಅಡ್ಡ ನಿಂತಿದ್ದ. ಅಷ್ಟರಲ್ಲೇ ಅರ್ಧ ಹೊರಗೆ ಬಂದಿದ್ದ, ಮಜಲಿನ ಮೇಳದವರ ಕರಡಿ ಎಂಬ ದೊಡ್ಡ ಚರ್ಮವಾದ್ಯ ಅವನ ಹೊಟ್ಟೆಗೆ ತಾಗಿ ಗುಮ್ಮೆಂದಿತು. ಓಣಿಯಲ್ಲಿ ಜಮಖಾನೆಯ ಮೇಲೆ ಕುಳಿತಿದ್ದವರೆಲ್ಲ ತಿರುಗಿ ನೋಡಿದರು. ಸತ್ತವರ ಮನೆಯ ಮುಂದೆ ನಗಬಾರದೆಂದು ಒಬ್ಬಿಬ್ಬರು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡರು.

"ನಾವು ಹೂಲಿಯಿಂದ ಬಂದೇವ್ರಿ," ಎಂದ ವಾದ್ಯದ ಇನ್ನೊಂದು ತುದಿ ಹಿಡಿದಿದ್ದ ಪರಸಪ್ಪ. "ಶಂಕರೆಪ್ಪ ಸಾಹೇಬ್ರ ಮನಿ ಇದ ಹೌದಲ್ಲರಿ?"

"ಇದ ಹೌದು. ಸಾಹೇಬ್ರು ನಮ್ಮಣ್ಣ. ಆದ್ರ ಇಲ್ಲೇನು ಲಗ್ನ ಇಲ್ಲಪಾ, ಮಣ್ಣ ಐತಿ."

"ಗೊತ್ತೈತ್ರಿ. ಮಣ್ಣಿಗಂತ ಹೇಳೇ ಕರದಾರ. ಅಕ್ಕಾರು ಫೋನ್ ಮಾಡಿದ್ರು."

"ಯಾವ ಅಕ್ಕಾರು?"

"ನಾನ ಕರದೇನಿ," ಎಂಬ ದನಿ ಹೊಸ್ತಿಲಿನಿಂದ ಬಂತು.

ಶಂಕರೆಪ್ಪನವರ ಹೆಂಡತಿ ದೇವಕ್ಕ ಅಲ್ಲಿ ನಿಂತಿದ್ದಳು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು, ಗಂಡನ ಹಣೆಗೆ ವಿಭೂತಿ ಹಚ್ಚುತ್ತಿದ್ದ ಬೆರಳುಗಳು ಬೆಳ್ಳಗಿದ್ದವು. ಸೆರಗನ್ನು ಮಾತ್ರ ಹೊಲದ ಕೆಲಸಕ್ಕೆ ಹೊರಟವಳಂತೆ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದಳು.

"ವೈನಿ!" ಶಟ್ಟೆಪ್ಪ ದನಿ ತಗ್ಗಿಸಿದ. "ಅಣ್ಣನ ಮಣ್ಣಿಗೆ ಮಜಲು? ಅಣ್ಣ ಇದ್ದಿದ್ರ ಏನ ಕೇಳತಿದ್ದ, ನಿನಗ ಗೊತ್ತಿಲ್ಲೇನು?"

ದೇವಕ್ಕನಿಗೆ ಗೊತ್ತಿತ್ತು. ಇಡೀ ಮುನವಳ್ಳಿಗೇ ಗೊತ್ತಿತ್ತು.

ಶಂಕರೆಪ್ಪನವರು ಬೆಂಗಳೂರಿನಲ್ಲಿ ಶಾಸನಸಭೆಯ ಸಚಿವಾಲಯದಲ್ಲಿ ದುಡಿದು, ಅಲ್ಲಿನ ಆಯವ್ಯಯ ಶಾಖೆಯ ಮುಖ್ಯಸ್ಥರಾಗಿ ನಿವೃತ್ತರಾದವರು. ಸದನದ ಮೈಕು, ಶಾಸಕರ ಭತ್ಯೆ, ನಡಾವಳಿ ಬರೆದುಕೊಳ್ಳುವವರ ಕಾಗದ, ಮೊಗಸಾಲೆಯ ಪರದೆ, ಕಕ್ಕಸಿನ ಫಿನೈಲು, ಹೀಗೆ ಸಭೆ ನಡೆಯಲು ಬೇಕಾದ ಪ್ರತಿಯೊಂದಕ್ಕೂ ವರ್ಷಕ್ಕೊಮ್ಮೆ ಬರುವ ಹಣವನ್ನು ಯಾವುದಕ್ಕೆ ಮೊದಲು, ಯಾವುದಕ್ಕೆ ಆಮೇಲೆ ಎಂದು ಹಂಚುವುದು ಅವರ ಕೆಲಸ. ಯಾರು ಏನೇ ಕೇಳಿಕೊಂಡು ಬಂದರೂ ಅವರು ಕನ್ನಡಕವನ್ನು ಹಣೆಗೆ ಏರಿಸಿ ಒಂದೇ ಪ್ರಶ್ನೆ ಹಾಕುತ್ತಿದ್ದರು: "ಇದು ಇಲ್ಲಂದ್ರ ಸದನ ನಿಲ್ಲತೈತೇನು?" ನಿಲ್ಲುತ್ತದೆ ಎಂದಾದರೆ ಅಂದೇ ಸಹಿ. ನಿಲ್ಲುವುದಿಲ್ಲ ಎಂದಾದರೆ, "ಮುಂದಿನ ವರ್ಷ ನೋಡೂಣ್ರಿ."

ನಿವೃತ್ತರಾಗಿ ಊರಿಗೆ ಬಂದಾಗ ಆ ಪ್ರಶ್ನೆಯನ್ನೂ ಜೊತೆಗೆ ತಂದರು. ಗುಡಿಗೆ ಎರಡನೇ ಸಲ ಬಣ್ಣ ಹೊಡೆಸುವ ಮಾತು ಬಂದಾಗ, "ಬಣ್ಣ ಇಲ್ಲಂದ್ರ ಪೂಜಿ ನಿಲ್ಲತೈತೇನು?" ಎಂದು ಕೇಳಿ, ಆ ಹಣದಲ್ಲಿ ಹುಡುಗಿಯರ ಸಾಲೆಗೆ ನಲ್ಲಿ ಹಾಕಿಸಿದರು. ಶಟ್ಟೆಪ್ಪನ ಮಗಳ ಲಗ್ನದಲ್ಲಿ ಹಂದರಕ್ಕೆ ಬಣ್ಣಬಣ್ಣದ ದೀಪ ಕಟ್ಟಲು ಬಂದವರು ಅದೇ ಪ್ರಶ್ನೆ ಕೇಳಿಸಿಕೊಂಡು ಏಣಿ ಹೊತ್ತು ಹಿಂದಿರುಗಿದ್ದರು. ಆಗ ಶಟ್ಟೆಪ್ಪನಿಗೆ ಸಿಟ್ಟು ಬಂದಿತ್ತು. ಆಮೇಲೆ ಅಣ್ಣನ ಮಾತನ್ನು ಅಣ್ಣನಿಗಿಂತ ಹೆಚ್ಚು ಆಡುವವನು ಅವನೇ ಆದ. ಇವತ್ತು ಬೆಳಿಗ್ಗೆಯಿಂದ ಹೂವು ತರುವವನಿಗೆ, ಹಂದರ ಹಾಕುವವನಿಗೆ, ಎಲ್ಲರಿಗೂ ಅದನ್ನೇ ಕೇಳಿ ಅರ್ಧಕ್ಕರ್ಧ ಸಾಮಾನು ವಾಪಸು ಕಳಿಸಿದ್ದ.

"ಅವರೆಲ್ಲ ಉಂಡು ಬಂದಾರೋ ಇಲ್ಲೋ ಕೇಳು ಮೊದಲ," ಎಂದಳು ದೇವಕ್ಕ. "ಮಜಲಿನ ಮಾತು ಆಮ್ಯಾಲ." ಹಾಗೆಂದು ಒಳಗೆ ಹೋದಳು.

*

ಶಂಕರೆಪ್ಪನವರ ಲಗ್ನ ಹೂಲಿಯಲ್ಲಿ, ದೇವಕ್ಕನ ತವರಿನಲ್ಲಿ ಆಗಿತ್ತು. ಆಗವರು ಬೆಂಗಳೂರಿನಲ್ಲಿ ನೌಕರಿಗೆ ಸೇರಿ ವರ್ಷವಾಗಿತ್ತಷ್ಟೆ. ಅಪ್ಪ ಇರಲಿಲ್ಲ. ಗಂಡಿನ ಕಡೆಯ ಎಲ್ಲ ಖರ್ಚೂ ಅವರ ತಲೆಯ ಮೇಲೆಯೇ ಇತ್ತು. ಗಂಡಿನ ಕಡೆಯವರು ಮೆರವಣಿಗೆಗೆ ಕರಡಿ, ಸನಾದಿ, ತಾಳಗಳ ಮೇಳವಾದ ಕರಡಿ ಮಜಲು ತರುವುದೆಂದು ಮಾತಾಗಿತ್ತು.

ಲಗ್ನದ ಹಿಂದಿನ ದಿನ ಮುನವಳ್ಳಿಯ ಬಸ್‌ಸ್ಟ್ಯಾಂಡಿಗೆ ಹೋದ ಶಂಕರೆಪ್ಪನವರಿಗೆ ತಮ್ಮ ಕಡೆಯ ಮುದುಕರು, ಬಾಣಂತಿಯರು ಮರುದಿನ ಬಿಸಿಲಿನಲ್ಲಿ ಎರಡು ಬಸ್ಸು ಬದಲಿಸಿ, ಸವದತ್ತಿಯಿಂದ ಆಚೆಗೆ ನಡೆದು ಬರಬೇಕಾಗುತ್ತದೆ ಎಂಬುದು ಹೊಳೆಯಿತು. ಅಲ್ಲಿಯೇ ನಿಂತು ಲೆಕ್ಕ ಹಾಕಿದರು. ಮಜಲು ಇಲ್ಲದಿದ್ದರೆ ಲಗ್ನ ನಿಲ್ಲುವುದಿಲ್ಲ. ಸೋದರತ್ತೆ ಬರದಿದ್ದರೆ ನಿಲ್ಲುತ್ತದೆ. ಸಂಜೆಯೊಳಗೆ ಮಜಲು ರದ್ದಾಗಿ ಎರಡು ಲಾರಿ ಗೊತ್ತಾದವು.

ಹೂಲಿಯ ಮನೆಯಲ್ಲಿ ದೇವಕ್ಕ ಬೆಳಗಿನಿಂದ ಸನಾದಿಯ ದನಿಗೆ ಕಿವಿಯಾಗಿ ಕುಳಿತಿದ್ದಳು. ಗೆಳತಿಯರೆಲ್ಲ ಊರ ಅಗಸೆಬಾಗಿಲ ಕಡೆ ಕಣ್ಣಿಟ್ಟಿದ್ದರು. ಕೊನೆಗೂ ದೂರದಿಂದ ದನಿ ಕೇಳಿಸಿತು. ಅದು ಸನಾದಿಯದಲ್ಲ. ಹಳೆಯ ಗುಡಿಗಳ ನಡುವಿನ ಇಕ್ಕಟ್ಟು ದಾರಿಯಲ್ಲಿ ದನ ಅಡ್ಡ ಬಂದಾಗಲೆಲ್ಲ ಲಾರಿಯವರು ಹಾರ್ನ್ ಬಾರಿಸುತ್ತ, ಒಂದರ ಹಿಂದೊಂದು ಬರುತ್ತಿದ್ದರು.

ಊಟಕ್ಕೆ ಜೊತೆಯಲ್ಲಿ ಕುಳಿತಾಗ ಅವಳು ಗಂಡನೊಡನೆ ಆಡಿದ ಮೊದಲ ಮಾತು, "ಮಜಲು ಎಲ್ಲೈತಿ?"

ಶಂಕರೆಪ್ಪನವರು ಬಾಯಲ್ಲಿದ್ದ ಹೋಳಿಗೆ ನುಂಗಿ, "ಮುಂದಿನ ವರ್ಷ," ಎಂದರು.

ಮುಂದಿನ ವರ್ಷ ಕೂಸಾಯಿತು. ಆಮೇಲೆ ತಮ್ಮಂದಿರ ಓದು, ಬಾಡಿಗೆ ಮನೆ, ಮಗಳು ಶಿವಾನಿಯ ಕಾಲೇಜು ಬಂದವು. ದೇವಕ್ಕ ಪ್ರತಿ ವೈಶಾಖದಲ್ಲಿಯೂ ಬೇಡಿಕೆ ಮಂಡಿಸುತ್ತಿದ್ದಳು, ಅವರು ಮುಂದೂಡುತ್ತಿದ್ದರು. ಶಿವಾನಿ ತಿಳಿವಳಿಕೆ ಬಂದಾಗಿನಿಂದ ಅದನ್ನು ಕೇಳುತ್ತ ಬೆಳೆದವಳು. ಲಟ್ಟಣಿಗೆಯಿಂದ ಮಣೆ ಬಡಿದು, "ಸದನ ಶಾಂತವಾಗಿರಬೇಕು!" ಎಂದು ಕೂಗುತ್ತಿದ್ದಳು. "ನಾನೇನು ಸೀರಿ ಕೇಳಿಲ್ಲ, ಬಂಗಾರ ಕೇಳಿಲ್ಲ," ಎನ್ನುತ್ತಿದ್ದಳು ದೇವಕ್ಕ. "ಲಾರಿ ಹಾರ್ನ್ ಕೇಳಿಕೋತ ಲಗ್ನ ಆದಾಕಿ ನಾನೊಬ್ಬಾಕಿನ ಇರಬೇಕು ಈ ಜಿಲ್ಲಾದಾಗ."

*

ಹೊತ್ತು ನೆತ್ತಿಗೇರುವ ಹೊತ್ತಿಗೆ ಮಾಜಿ ಶಾಸಕ ಬಸವಲಿಂಗಗೌಡರು ರಾಮದುರ್ಗದಿಂದ ಬಂದರು. ಶಟ್ಟೆಪ್ಪ ಕುರ್ಚಿ ತರಿಸಿದ. ಅವರು ಅದನ್ನು ಕೈಯಿಂದ ಸರಿಸಿ, ಜಮಖಾನೆಯ ಮೇಲೆ ಕುಳಿತಿದ್ದ ಮೀರಾಸಾಬನ ಪಕ್ಕದಲ್ಲಿ ಮೊಣಕಾಲು ಹಿಡಿದುಕೊಂಡು ನಿಧಾನ ಕುಳಿತರು. ಮೀರಾಸಾಬ ಸಚಿವಾಲಯದ ಗಾಡಿ ಓಡಿಸುತ್ತಿದ್ದವನು, ಇದೇ ಊರಿನವನು. ನಿವೃತ್ತಿಯ ನಂತರ ಅವನೂ ಶಂಕರೆಪ್ಪನವರೂ ದಿನಾ ಸಂಜೆ ಜೊತೆಯಲ್ಲಿ ಹೊಳೆಯ ದಂಡೆಗೆ ತಿರುಗಾಡಲು ಹೋಗುತ್ತಿದ್ದರು.

"ಹೆಂಗಾತೋ ಮೀರಾಸಾಬ?"

"ಉಂಡು ಪೇಪರ್ ಓದಿಕೋತ ಕುಂತಿದ್ರಂತ್ರಿ ಗೌಡ್ರ. ಅಕ್ಕಾರು ಚಾ ತರೂದ್ರಾಗ ಮುಗದಿತ್ತು. ಪೇಪರ್ ಸುದ್ದಾ ಕೈಯಾಗ ಹಂಗ ಇತ್ತು."

"ಚಲೋ ಸಾವು," ಎಂದರು ಗೌಡರು. ಕಣ್ಣೊರೆಸಿಕೊಂಡರು. ಆಮೇಲೆ ನಗುವಿನಿಂದ ಅವರ ಹೊಟ್ಟೆ ಅಲುಗಾಡತೊಡಗಿತು. "ಆ ಬಕೀಟ ನೆನಪೈತೇನೋ ನಿನಗ?"

"ಮರಿಯೂದುಂಟೇನ್ರಿ?" ಎಂದ ಮೀರಾಸಾಬನೂ ನಕ್ಕ.

ಸುತ್ತಲಿನವರು ಹತ್ತಿರ ಸರಿದರು. "ಯಾವ ಬಕೀಟ್ರಿ ಗೌಡ್ರ?" ಎಂದು ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರಾದ ಬಸಯ್ಯನವರೂ ಬಿಲ್ವಪತ್ರೆ ಬಿಡಿಸುವುದನ್ನು ನಿಲ್ಲಿಸಿ ಕೇಳಿದರು.

*

ಬೆಳಗಾವಿಯಲ್ಲಿ ಅಧಿವೇಶನ ನಡೆಯತೊಡಗಿದ ಹೊಸತು. ಆಗಿನ್ನೂ ಅಲ್ಲಿ ಸೌಧ ಎದ್ದಿರಲಿಲ್ಲ. ಇಡೀ ಶಾಸನಸಭೆ ಕಾಗದ, ಮೈಕು, ಜನ ಸಮೇತ ಬೆಂಗಳೂರಿನಿಂದ ಗಂಟುಮೂಟೆ ಕಟ್ಟಿಕೊಂಡು ಬರಬೇಕಿತ್ತು. ಜನವರಿಯ ಚಳಿ. ಬಸವಲಿಂಗಗೌಡರು ಅಧ್ಯಕ್ಷರಾಗಿದ್ದ ಸಮಿತಿ, ಶಾಸಕರು ವಿಶ್ರಾಂತಿ ಪಡೆಯುವ ಕೋಣೆಗೆ ಹೊಸ ಸೋಫಾಗಳನ್ನು ಹಾಕಿಸಬೇಕೆಂದು ಠರಾವು ಮಾಡಿತು. ಶಂಕರೆಪ್ಪನವರು, "ಮುಂದಿನ ವರ್ಷ ಪರಿಶೀಲಿಸಬಹುದು," ಎಂದು ಬರೆದರು. ಆ ಹಣವನ್ನು ಡ್ರೈವರುಗಳು, ಮಾರ್ಷಲ್‌ಗಳು, ಕಸ ಗುಡಿಸುವವರು ಉಳಿದುಕೊಂಡಿದ್ದ ಕಲ್ಯಾಣ ಮಂಟಪಕ್ಕೆ ಗಾದಿ, ಕಂಬಳಿ ಮತ್ತು ಬಿಸಿನೀರಿನ ಹಂಡೆಗಳಿಗೆ ಬಳಸಲು ಅನುಮತಿ ಪಡೆದರು.

ಗೌಡರು ಅವರನ್ನು ಕರೆಸಿದರು.

"ಏನ್ರಿ ಶಂಕರೆಪ್ಪ, ಸಮಿತಿ ದೊಡ್ಡದೋ ನೀವು ದೊಡ್ಡವ್ರೋ?"

"ಸಮಿತಿನ ದೊಡ್ಡದ್ರಿ. ಆದ್ರ ಸೋಫಾ ಇಲ್ಲಂದ್ರ ಸದನ ನಿಲ್ಲತೈತೇನ್ರಿ?"

"ಡ್ರೈವರ್ ಬಿಸಿನೀರಾಗ ಜಳಕ ಮಾಡಲಿಲ್ಲಂದ್ರ ನಿಲ್ಲತೈತೇನು?"

"ನಿಲ್ಲಬಹುದ್ರಿ. ಥಂಡಿಗೆ ನಿದ್ದಿಗೆಟ್ಟ ಡ್ರೈವರ್ ಮುಂಜಾನೆ ನಿಮ್ಮ ಗಾಡಿ ಹೊಡೀತಾನ. ನೀವು ಸದನಕ್ಕ ಮುಟ್ಟಬೇಕಲ್ಲರಿ."

"ಹೊರಗ ನಡೀರಿ! ನಿಮ್ಮ ಮ್ಯಾಲ ಸಭಾಧ್ಯಕ್ಷರಿಗೆ ಹೇಳತೇನಿ."

ಹೊರಗೆ ಬಂದು ಗಾಡಿಯಲ್ಲಿ ಕುಳಿತ ಶಂಕರೆಪ್ಪನವರು ನಡೆದದ್ದನ್ನು ಹೇಳಿ, ಮೀರಾಸಾಬ ಕೊಟ್ಟ ಚಹವನ್ನು ಕುಡಿಯದೆ ಹೊರಗೆ ಚೆಲ್ಲಿಬಿಟ್ಟರು. ಮೀರಾಸಾಬ ಅವರನ್ನು ಹಾಗೆ ನೋಡಿದ್ದು ಅದೇ ಮೊದಲು. "ಸಾಹೇಬ್ರ, ಸೋಫಾ ತರಸೇ ಬಿಡ್ರಿ. ನಾವು ಕೊಡ ತಣ್ಣೀರಿಗೆ ಸಾಯೂದಿಲ್ಲ," ಎಂದ. ಶಂಕರೆಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. "ಅಂಜಿಕಿ ಬರತೈತೋ ಮೀರಾ," ಎಂದರು. "ಮಗಳ ಲಗ್ನ ಇನ್ನೂ ಆಗಬೇಕು. ಆದ್ರ ಬರದದ್ದು ಬರದಾತು. ಹಂಡೆ ತರೂಣ ನಡಿ."

ಅದಾದ ಮೂರನೆಯ ಬೆಳಗು ಗೌಡರು ಇಳಿದುಕೊಂಡಿದ್ದ ಲಾಡ್ಜಿನಲ್ಲಿ ಕರೆಂಟು ಹೋಗಿ ನಲ್ಲಿಯಲ್ಲಿ ಐಸಿನಂಥ ನೀರು ಬಂತು. ಅವತ್ತು ಸದನದಲ್ಲಿ ಮಲಪ್ರಭೆಯ ಕಾಲುವೆಯ ನೀರಿನ ಬಗ್ಗೆ ಅವರ ಪ್ರಶ್ನೆಯೇ ಮೊದಲು. ಜಳಕವಿಲ್ಲದೆ, ಪೂಜೆಯಿಲ್ಲದೆ ಮಾತಾಡಿ ಅವರಿಗೆ ರೂಢಿಯಿರಲಿಲ್ಲ. ಅವರ ಡ್ರೈವರ್ ತಲೆ ಕೆರೆದುಕೊಂಡು, "ನಮ್ಮ ಕಡೆ ಬಿಸಿನೀರ ಐತ್ರಿ," ಎಂದ.

ಗೌಡರು ಮುಖ ಕಾಣದಂತೆ ಶಾಲು ಸುತ್ತಿಕೊಂಡು ಕಲ್ಯಾಣ ಮಂಟಪದ ಹಿತ್ತಲಿಗೆ ಬಂದರು. ಹಂಡೆಗಳಿಂದ ಹಬೆ ಏಳುತ್ತಿತ್ತು. ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದ ಮೀರಾಸಾಬ ತಲೆಯೆತ್ತದೆ, "ಪಾಳಿ ಹಚ್ಚರಿ, ಪಾಳಿ," ಎಂದ. ಗೌಡರು ಬಕೀಟು ಹಿಡಿದು ಸಾಲಿನ ಕೊನೆಗೆ ನಿಂತರು. ಮುಂದೆ ನಿಂತಿದ್ದ ಲುಂಗಿಯ ಮನುಷ್ಯ ತಿರುಗಿ ನೋಡಿದ. ಶಂಕರೆಪ್ಪನವರು!

"ನೀವು ಇಲ್ಲಿ?" ಎಂದರು ಗೌಡರು.

"ಒಲಿ ಹತ್ತತೈತೋ ಇಲ್ಲೋ ನೋಡಾಕ ಬಂದಿದ್ದೆರಿ. ಬಂದಾಂವ ಜಳಕಾನೂ ಮಾಡಿ ಹೋಗೂಣಂತ."

ಸಾಲು ಸರಿಯಿತು. ಶಂಕರೆಪ್ಪನವರ ಪಾಳಿ ಬಂತು. ಅವರು ತಮ್ಮ ಪಾಳಿ ಬಿಟ್ಟುಕೊಡುತ್ತಾರೆಂದು ಗೌಡರು ಬಕೀಟು ಮುಂದೆ ಚಾಚಿದರು. ಶಂಕರೆಪ್ಪನವರು ಕನ್ನಡಕವಿಲ್ಲದ ಹಣೆಯನ್ನು ಒಮ್ಮೆ ಮುಟ್ಟಿಕೊಂಡು ತಮ್ಮ ಬಕೀಟನ್ನೇ ಇಟ್ಟು, "ನನ್ನ ಹಿಂದ ನಿಮ್ಮದರಿ," ಎಂದರು. ಇಡೀ ಸಾಲು ಗೌಡರ ಮುಖ ನೋಡಿತು. ಮೊದಲು ನಕ್ಕವರು ಗೌಡರೇ. ಎಷ್ಟು ನಕ್ಕರೆಂದರೆ ಶಾಲು ಜಾರಿ ಬಿತ್ತು, ಸಾಲಿನಲ್ಲಿದ್ದ ಮಾರ್ಷಲ್ ಒಬ್ಬ ಗಾಬರಿಯಾಗಿ ಬರಿಮೈಯಲ್ಲೇ ಸೆಲ್ಯೂಟ್ ಹೊಡೆದ.

*

"ಅವತ್ತ ಸದನದಾಗ ನಾ ಮಾತಾಡಿದ್ದು ನೋಡಬೇಕಾಗಿತ್ತು ನೀವು," ಎಂದರು ಬಸವಲಿಂಗಗೌಡರು. "ಮೈ ಬೆಚ್ಚಗಿತ್ತಲ್ಲ! ಮುಂದಿನ ಸಮಿತಿ ಸಭಾದಾಗ ನಾನ ಹೇಳಿದೆ, ಸೋಫಾ ಮುಂದಿನ ವರ್ಷ ಅಂತ."

"ಮುಂದಿನ ವರ್ಷ ಬಂದ್ವೇನ್ರಿ ಸೋಫಾ?" ಎಂದು ಬಸಯ್ಯನವರು ಕೇಳಿದರು.

"ಎಲ್ಲಿ ಬರತಾವ್ರಿ? ಮುಂದಿನ ವರ್ಷ ನಾನ ಸೋತೆ."

ಈ ಸಲ ಯಾರೂ ಟವೆಲ್ ಹಿಡಿಯಲಿಲ್ಲ. ಒಳಗಿನ ಹೆಂಗಸರ ಅಳುವೂ ಒಂದು ಗಳಿಗೆ ನಿಂತು, ಬಾಗಿಲಲ್ಲಿ ತಲೆಗಳು ಕಾಣಿಸಿದವು. ನಗದೆ ಉಳಿದವನು ಶಟ್ಟೆಪ್ಪ ಒಬ್ಬನೇ. ಅವನು ಗೌಡರ ಮುಂದೆ ಬಂದು ಕೈ ಮುಗಿದ.

"ಗೌಡ್ರ, ನೀವರ ನಮ್ಮ ವೈನಿಗೆ ಹೇಳ್ರಿ. ಜೀವನಪೂರ್ತಿ ಒಂದು ದೀಪ ಹೆಚ್ಚ ಹಚ್ಚಗೊಡದ ಮನಷ್ಯಾನ್ನ ಮಜಲು ಬಾರಿಸಿಕೋತ ಒಯ್ದ್ರ, ಊರಾಗ ನಮ್ಮಣ್ಣನ ಮಾತಿಗೆ ಕಿಮ್ಮತ್ತ ಏನ ಉಳೀತೈತಿ?"

ಗೌಡರು ಎದ್ದು ಒಳಗೆ ಹೋದರು. ಬಸಯ್ಯನವರು, ಮೀರಾಸಾಬ, ಶಟ್ಟೆಪ್ಪ ಹಿಂದೆ ಹೋದರು. ಪಡಸಾಲೆಯಲ್ಲಿ ಶಂಕರೆಪ್ಪನವರನ್ನು ಗೋಡೆಗೆ ಒರಗಿಸಿ ಕೂರಿಸಲಾಗಿತ್ತು. ಮೈತುಂಬ ವಿಭೂತಿ, ಕೊರಳಲ್ಲಿ ಲಿಂಗ, ತಲೆಗೆ ಹೊಸ ರುಮಾಲು. ಪಕ್ಕದಲ್ಲಿ ಶಿವಾನಿ ಅವ್ವನ ಕೈ ಹಿಡಿದು ಕುಳಿತಿದ್ದಳು.

ದೇವಕ್ಕ ಎಲ್ಲರ ಮುಖ ನೋಡಿದಳು. "ಏನ, ಸಮಿತಿ ಕೂಡಿ ಬಂದೇತಿ?"

"ಅಕ್ಕಾರ, ಶಟ್ಟೆಪ್ಪ ಹೇಳೂದ್ರಾಗೂ..." ಎಂದು ಗೌಡರು ತಡವರಿಸಿದರು.

"ಮಜಲು ಮಂಜೂರಾಗೇತ್ರಿ," ಎಂದಳು ದೇವಕ್ಕ. "ನಾ ಹೇಳಿದ್ದಲ್ಲ, ಅವ್ರ ಹೇಳಿದ್ದು. ಈ ಸಂಕ್ರಾಂತಿಗೆ ಹೊಳಿ ದಂಡಿಮ್ಯಾಗ ಉಣ್ಣಾಕ ಕುಂತಾಗ, ಬರೂ ವೈಶಾಖಕ್ಕ ನಮ್ಮ ಲಗ್ನಕ್ಕ ಐವತ್ತ ತುಂಬತೈತಿ, ಈ ಸಲ ಮಜಲು ಮಂಜೂರ ಅಂದ್ರು. ಮೀರಾಸಾಬಣ್ಣನೂ ಇದ್ದ, ಅವನ ಹೇಣ್ತಿ ಜುಬೇದಾಬಿನೂ ಇದ್ದಳು. ಹೌದಲ್ಲೋ ಅಣ್ಣಾ?"

"ಹೌದ್ರಿ," ಎಂದ ಮೀರಾಸಾಬ. "ಜುಬೇದಾ ಚಪ್ಪಾಳಿ ಹೊಡದಿದ್ಳು."

"ಅದು ಲಗ್ನದ ದಿವಸಕ್ಕ ವೈನಿ," ಎಂದ ಶಟ್ಟೆಪ್ಪ. "ವೈಶಾಖ ಇನ್ನೂ ದೂರ ಐತಿ."

"ವೈಶಾಖದಾಗ ಅವ್ರು ಎಲ್ಲಿರತಾರೋ?"

ದೇವಕ್ಕ ಮೂಗು ಒರೆಸಿಕೊಂಡಳು. ಅವಳ ದನಿಗೆ ಹಳೆಯ ಜಗಳದ ಕಸುವು ಮರಳಿ ಬಂತು.

"ಮತ್ತ ಇದು ಮಾರ್ಚ್ ಕಡೀ ವಾರ. ಮಂಜೂರಾದದ್ದು ಮಾರ್ಚ್ ಒಳಗ ಖರ್ಚ ಆಗಬೇಕು, ಇಲ್ಲಂದ್ರ ವಾಪಸ್ ಹೋಗತೈತಿ. ಪ್ರತಿ ವರ್ಷ ಈ ದಿವಸದಾಗ ಅವ್ರು ನಿದ್ದಿಗೆಟ್ಟು ಅದನ್ನ ಬಡಬಡಸತಿದ್ರು. ನಾನೇನು ಸುಮ್ಮನ ಕೇಳಿಸಿಕೊಂಡೇನೇನು?"

ಬಸವಲಿಂಗಗೌಡರು ಬಸಯ್ಯನವರ ಕಡೆ ತಿರುಗಿದರು. "ಅಯ್ಯಾರ, ಶಾಸ್ತ್ರ ಏನ ಹೇಳತೈತ್ರಿ?"

"ಭಜನಿ ಅಂತೂ ಇರತೈತ್ರಿ. ಮಜಲು ಬ್ಯಾಡ ಅಂತ ನನಗ ಯಾರೂ ಕಲಿಸಿಲ್ಲ," ಎಂದರು ಬಸಯ್ಯನವರು. "ತುಂಬಿದ ಬಾಳ್ವಿ ಮಾಡಿದವ್ರು. ನಾ ಅಡ್ಡ ಬರೂದಿಲ್ಲ."

ಶಟ್ಟೆಪ್ಪನ ಮುಖ ಇನ್ನೂ ಬಿಗಿದೇ ಇತ್ತು. ಅಣ್ಣ ಹಾಗೆ ಹೇಳಿದ್ದರೂ ಅದು ಅತ್ತಿಗೆಯ ಕಾಟ ತಾಳದೆ ಆಡಿದ ಮಾತು ಎಂದೇ ಅವನಿಗೆ ಅನ್ನಿಸುತ್ತಿತ್ತು. ಅದನ್ನು ಅವನು ಬಾಯಿ ಬಿಟ್ಟು ಹೇಳಿಯೂಬಿಟ್ಟ. "ನಮ್ಮಣ್ಣಗ ಮಜಲಂದ್ರ ಸೇರತಿದ್ದಿಲ್ಲ ವೈನಿ. ನಿನ್ನ ಮನಸ್ಸಿಗಂತ ಹ್ಞೂಂ ಅಂದಿರಬೇಕು."

"ಸೇರತಿದ್ದಿಲ್ಲಂತ ಯಾರ ಹೇಳಿದ್ರಿ?"

ಬಾಗಿಲಲ್ಲಿ ಪರಸಪ್ಪ ನಿಂತಿದ್ದ. ಸತ್ತವರಿಗೆ ಕೈಮುಗಿಯಲೆಂದು ಬಂದವನು ಮಾತು ಕೇಳಿ ಅಲ್ಲಿಯೇ ನಿಂತುಬಿಟ್ಟಿದ್ದ.

"ಸಂಕ್ರಾಂತಿ ಮುಗದ ವಾರಕ್ಕ ಸಾಹೇಬ್ರು ಹೂಲಿಗೆ ಬಂದಿದ್ರರಿ, ಒಬ್ಬರ. ಐವತ್ತ ವರ್ಷ ತಡಾ ಮಾಡೇನಿ, ಕೇಳಿ ಆರಿಸಬೇಕು, ಒಂದೀಟ ಬಾರಿಸಿ ತೋರಸ್ರಿ ಅಂದ್ರು. ಗುಡಿ ಕಟ್ಟಿಮ್ಯಾಲ ಕುಂದ್ರಿಸಿ ಬಾರಿಸಿದ್ವಿ. ಮುಗೀತು ಅಂದ್ರ ಮತ್ತೊಂದ ಅಂದ್ರು. ಮತ್ತೊಂದ ಆದ ಮ್ಯಾಲ ಇನ್ನೊಂದ. ಕಡೀ ಬಸ್ ಹೋಗೂತನಕ ಏಳಲಿಲ್ರಿ. ನಮ್ಮ ಹುಡುಗ್ರ ಗಾಡಿಮ್ಯಾಲ ಸವದತ್ತಿಗೆ ಬಿಟ್ಟು ಬಂದ್ರು. ಹೋಗಾಗ ನನ್ನ ಕೈ ಹಿಡದು, ಲಗ್ನದಾಗ ಇದನ್ನ ನಾ ನಿಲ್ಲಿಸಬಾರದಾಗಿತ್ತು ಅಂದ್ರು."



"ಅವತ್ತ..." ಎಂದಳು ದೇವಕ್ಕ. "ಅವತ್ತ ಪೆನ್ಶನ್ ಕೆಲಸಕ್ಕ ಸವದತ್ತಿಗೆ ಹೋಗಿದ್ದೆ, ಸಾಹೇಬ ಸಿಗಲಿಲ್ಲ ಅಂತ ಹೇಳಿದ್ರು. ತಡಾ ಮಾಡಿ ಬಂದ್ರಂತ ನಾ ಬೈದೆ." ಅವಳು ಗಂಡನ ಕಡೆ ತಿರುಗಿದಳು. "ಬೈಸಿಕೊಂಡು ಸುಮ್ಮನ ಕುಂತ್ರಿ ಅಲ್ರಿ. ಒಂದ ಮಾತರ ಹೇಳಬಾರದಾಗಿತ್ತೇನು?" ಮಜಲಿನವರು ಬಂದಾಗಿನಿಂದ ತಡೆದಿದ್ದ ಅಳು ಈಗ ದೊಡ್ಡದಾಗಿ ಬಂತು. ಶಿವಾನಿ ಅವಳನ್ನು ತಬ್ಬಿಕೊಂಡಳು. ಅಳುವಿನ ನಡುವೆಯೇ ಅವ್ವ ನಗುತ್ತಿರುವುದು ಅವಳ ಭುಜಕ್ಕೆ ತಿಳಿಯುತ್ತಿತ್ತು.

ಶಟ್ಟೆಪ್ಪ ಹೊರಗೆ ಹೋಗಿದ್ದ. ಓಣಿಯಿಂದ ಅವನ ದನಿ ಕೇಳಿಸಿತು. "ಏ, ವಾದ್ಯ ಇಳಸ್ರೋ! ಬಿಸಲಾಗ ಯಾಕ ಇಟ್ಟೀರಿ? ಮತ್ತ ಆ ಹೂವಿನಾಂವಗ ಫೋನ್ ಹಚ್ಚರಿ, ವಾಪಸ್ ಒಯ್ದಾವೆಲ್ಲಾ ತರಲಿ!"

ಬಿಸಿಲು ಇಳಿದ ಮೇಲೆ, ಸತ್ತವರನ್ನು ಕೂರಿಸಿ ಹೊರುವ ಬಿದಿರಿನ ವಿಮಾನ ಎದ್ದಿತು. ಬಾಳೆಯ ಕಂಬ, ಚೆಂಡು ಹೂವು, ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತ ಶಂಕರೆಪ್ಪನವರು. ಮುಂದಿನ ಬಿದಿರಿಗೆ ಶಟ್ಟೆಪ್ಪ ಮತ್ತು ಬಸವಲಿಂಗಗೌಡರು, ಹಿಂದಿನದಕ್ಕೆ ಮೀರಾಸಾಬ ಮತ್ತು ಓಣಿಯ ಗಂಡಸರು ಹೆಗಲು ಕೊಟ್ಟರು. ಗೌಡರ ಮೊಣಕಾಲು ನೋಡಿ ಯಾರೋ ಬೇಡವೆಂದರು. ಅವರು ಕೇಳಲಿಲ್ಲ. ಭಜನೆಯವರು ಒಂದು ಪದ ಹಾಡಿ ಮುಗಿಸಿದರು. ಆಮೇಲೆ ಪರಸಪ್ಪ ಕರಡಿಗೆ ಮೊದಲ ಪೆಟ್ಟು ಹಾಕಿದ.

ಓಣಿಯ ತಗಡುಗಳು ಅದುರಿದವು. ಸನಾದಿ ಎದ್ದಿತು, ತಾಳಗಳು ಕೂಡಿಕೊಂಡವು. ಬಜಾರದ ತಿರುವಿನಲ್ಲಿ ಲಗ್ನದ ಮೆರವಣಿಗೆಯೆಂದು ತಿಳಿದು ಮುದುಕಿ ಬಾಯವ್ವ ಆರತಿ ತಾಟು ಹಿಡಿದು ಓಡಿಬಂದಳು. ವಿಮಾನ ಕಂಡು ಗಕ್ಕನೆ ನಿಂತಳು. ಹಿಂದೆ ಮಗಳ ಜೊತೆ ನಡೆದು ಬರುತ್ತಿದ್ದ ದೇವಕ್ಕ, "ಬೆಳಗ ಬಾಯವ್ವ, ಬೆಳಗು!" ಎಂದಳು. ಬಾಯವ್ವ ಬೆಳಗಿದಳು.

ಹೊತ್ತವರು ಮೊದಮೊದಲು ಮಣ್ಣಿಗೆ ಹೋಗುವವರಂತೆಯೇ ನಡೆದರು. ಪೇಟೆ ನಡುವೆ ಬರುವಷ್ಟರಲ್ಲಿ ಕರಡಿಯ ಪೆಟ್ಟು ಅವರ ಕಾಲಿಗಿಳಿದಿತ್ತು. ಶಟ್ಟೆಪ್ಪನ ಹೆಜ್ಜೆ ಬದಲಾಯಿತು, ಗೌಡರದೂ ಆಯಿತು, ಹಿಂದೆ ಮೀರಾಸಾಬ ಸರಿಹೊಂದಿಸಿಕೊಂಡ. ವಿಮಾನ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿತು. ದೇವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಕತ್ತೆತ್ತಿ ನೋಡಿದಳು. ಅಂಗಡಿಗಳ ಸಾಲಿನ ನಡುವೆ, ಎಲ್ಲರ ತಲೆಗಳಿಗಿಂತ ಮೇಲೆ, ಹೊಸ ರುಮಾಲಿನ ಶಂಕರೆಪ್ಪನವರು ಮಜಲಿನ ಪ್ರತಿ ಪೆಟ್ಟಿಗೂ ತಲೆದೂಗುತ್ತ ಹೋಗುತ್ತಿದ್ದರು.